ಮಕ್ಕಳ ಫೋನಿಗೆ ನಿಗಾ ಆ್ಯಪ್ ಬೇಕೆ?

ಪರ: ಬೀಗ ಮೊದಲು, ಬುದ್ಧಿವಾದ ಆಮೇಲೆ

ಮಕ್ಕಳ ಕೈಗೆ ಬರುವ ಮೊದಲ ಫೋನ್ ಸಾಮಾನ್ಯವಾಗಿ ಅಪ್ಪ ಬಿಟ್ಟ ಹಳೇ ಫೋನು. ಅದರಲ್ಲಿ ಅಪ್ಪನ ಜಿಮೇಲ್ ಖಾತೆ ಹಾಗೇ ಉಳಿದಿರುತ್ತದೆ. ಎಡವಟ್ಟು ಶುರುವಾಗುವುದೇ ಅಲ್ಲಿ. ಆ ಖಾತೆಯ ಪ್ರಕಾರ ಫೋನ್ ಹಿಡಿದವರಿಗೆ ನಲವತ್ತು ವರ್ಷ. ಯೂಟ್ಯೂಬ್ ಅದಕ್ಕೆ ತಕ್ಕ ವಿಡಿಯೊ ಬಡಿಸುತ್ತದೆ. ಪ್ಲೇ ಸ್ಟೋರ್‌ಗೆ ಕಾರ್ಡ್ ಜೋಡಿಸಿದ್ದರಂತೂ ಆಟದ ನಾಣ್ಯ, ವಜ್ರಗಳಿಗೆ ದುಡ್ಡು ಹೋಗುತ್ತಲೇ ಇರುತ್ತದೆ.

ಮೊದಲು ಆ ಖಾತೆಯನ್ನು ಫೋನಿನಿಂದ ತೆಗೆದುಹಾಕಿ. ನಿಮ್ಮ ಫೋನಿನಲ್ಲಿ ಗೂಗಲ್‌ನ ನಿಗಾ ಆ್ಯಪ್ ಫ್ಯಾಮಿಲಿ ಲಿಂಕ್ ಹಾಕಿಕೊಂಡು ಅದರಲ್ಲಿ ಮಗುವಿನ ಹೆಸರಿಗೇ ಖಾತೆ ತೆರೆಯಿರಿ. ಹುಟ್ಟಿದ ದಿನಾಂಕ ಮಾತ್ರ ಸುಳ್ಳು ಹಾಕಬೇಡಿ, ಕಡಿವಾಣಗಳೆಲ್ಲ ನಿಂತಿರುವುದು ಅದರ ಮೇಲೆ. ಇನ್‌ಸ್ಟಾಗ್ರಾಂ ಕೂಡ ಹಾಗೆಯೇ. 2025ರ ಫೆಬ್ರವರಿಯಲ್ಲಿ ಭಾರತಕ್ಕೆ ಬಂದ ಟೀನ್ ಅಕೌಂಟ್ (ಹದಿಹರೆಯದವರ ಖಾತೆ) ತಾನಾಗಿಯೇ ಪ್ರೈವೇಟ್ ಆಗಿರುತ್ತದೆ, ರಾತ್ರಿ 10ರಿಂದ ಬೆಳಿಗ್ಗೆ 7ರವರೆಗೆ ನೋಟಿಫಿಕೇಶನ್ ಸದ್ದಡಗಿಸುತ್ತದೆ. 16 ತುಂಬದವರು ಇದನ್ನು ಸಡಿಲಿಸಬೇಕಾದರೆ ಪೋಷಕರು ಒಪ್ಪಬೇಕು. 1998ರಲ್ಲಿ ಹುಟ್ಟಿದೆ ಎಂದು ಬರೆದುಕೊಂಡ ಎಂಟನೇ ಕ್ಲಾಸಿನ ಹುಡುಗಿಗೆ ಇದ್ಯಾವುದೂ ಸಿಗದು.

ಖಾತೆ ಆದ ಮೇಲೆ ರಾತ್ರಿ 9ಕ್ಕೆ ಫೋನ್ ಲಾಕ್ ಆಗುವಂತೆ ಡೌನ್‌ಟೈಮ್ ಇಡಿ, ಹೊಸ ಆ್ಯಪ್‌ಗಳಿಗೆ ನಿಮ್ಮ ಅನುಮತಿ ಕಡ್ಡಾಯ ಮಾಡಿ. ಬಹಳ ಜನ ಮೋಸಹೋಗುವುದು ಯೂಟ್ಯೂಬ್‌ನಲ್ಲಿ. ಆ್ಯಪ್‌ಗೆ ಒಂದು ಗಂಟೆ ಮಿತಿ ಹಾಕಿ ಕ್ರೋಮ್ ಮರೆತಿರುತ್ತಾರೆ. ಗಂಟೆ ಮುಗಿದ ಮರುಕ್ಷಣ ಅದೇ ವಿಡಿಯೊ ಬ್ರೌಸರ್‌ನಲ್ಲಿ ಓಡುತ್ತಿರುತ್ತದೆ. ಕ್ರೋಮ್‌ನಲ್ಲಿ ತಡೆಯುವ ಸೈಟ್‌ಗಳ ಪಟ್ಟಿಗೂ ಯೂಟ್ಯೂಬ್ ಸೇರಿಸಬೇಕು.

ಮನೆಯ ವೈಫೈ ರೂಟರ್‌ನ ಡಿಎನ್‌ಎಸ್ (ಸೈಟ್‌ನ ಹೆಸರಿನಿಂದ ಅದರ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ಜಾಗದಲ್ಲಿ 1.1.1.3 ಮತ್ತು 1.0.0.3 ತುಂಬಿ. ಇದು ಕ್ಲೌಡ್‌ಫ್ಲೇರ್ ಕಂಪನಿಯ ಉಚಿತ ಸೇವೆ. ಅಶ್ಲೀಲ ಸೈಟ್‌ಗಳು ಇಡೀ ಮನೆಗೇ ಬಂದ್. ಮೊಬೈಲ್ ಡೇಟಾಗೆ ಈ ಸೆಟ್ಟಿಂಗ್ ತಾಗುವುದಿಲ್ಲ, ಹಾಗಾಗಿ ಮಗುವಿನ ಫೋನಿಗೆ ಸಿಮ್ ಹಾಕದಿದ್ದರೇ ಕ್ಷೇಮ.

ಇದನ್ನೆಲ್ಲ ಬೇಹುಗಾರಿಕೆ ಎನ್ನುವ ಮಹನೀಯರಿದ್ದಾರೆ. ಅವರ ಲೆಕ್ಕದಲ್ಲಿ ಶಾಲೆಯ ಡೈರಿಗೆ ಸಹಿ ಹಾಕುವುದೂ ಮಗುವಿನ ಖಾಸಗಿತನಕ್ಕೆ ಧಕ್ಕೆಯೇ ಇರಬೇಕು. ಬಾವಿಗೆ ಕಟ್ಟೆ ಕಟ್ಟುವಾಗ ಯಾರೂ ಮಕ್ಕಳ ಅಪ್ಪಣೆ ಕೇಳುವುದಿಲ್ಲ.

ವಿರೋಧ: ಮೆಸೇಜಿಗೆ ಯಾವ ಬೀಗ?

ಎಂಟು ವರ್ಷದ ಮಗುವಿನ ಫೋನಿಗೆ ಬೀಗ ಬೇಡ ಎನ್ನಲು ನನಗೂ ನಾಲಿಗೆ ಏಳುವುದಿಲ್ಲ. ನನ್ನ ತಕರಾರು ಹೈಸ್ಕೂಲ್ ಮಕ್ಕಳ ವಿಷಯದಲ್ಲಿ.

ಹೋಂವರ್ಕ್ ಬರುವುದು ಅಮ್ಮನ ವಾಟ್ಸ್ಆ್ಯಪ್‌ಗೆ. ಸಂಜೆಯಾದರೆ ಆ ಫೋನು, ಇಲ್ಲವೇ ಅಜ್ಜಿಯ ಫೋನು ಮಕ್ಕಳ ಕೈಯಲ್ಲಿ. ಅದಕ್ಕೆ ಯಾವ ನಿಗಾ ಆ್ಯಪೂ ಇಲ್ಲ. ಇರುವ ಫೋನಿನಲ್ಲೂ ಫ್ಯಾಮಿಲಿ ಲಿಂಕ್ ಮೆಸೇಜ್ ಓದಿ ತೋರಿಸುವುದಿಲ್ಲ. ಅಪಾಯ ಬರುವುದೋ ಮೆಸೇಜಿನ ದಾರಿಯಲ್ಲೇ. ಆಟದಲ್ಲಿ ಪರಿಚಯವಾದ 'ಫ್ರೆಂಡ್' ಇನ್‌ಸ್ಟಾಗೆ ಕರೆಯುತ್ತಾನೆ, ಫೋಟೊ ಕೇಳುತ್ತಾನೆ, ಮರುದಿನವೇ 'ದುಡ್ಡು ಕಳಿಸು, ಇಲ್ಲಾಂದ್ರೆ ಕ್ಲಾಸ್ ಗ್ರೂಪಿಗೆ ಹಾಕ್ತೀನಿ' ಎನ್ನುತ್ತಾನೆ. ಹೇಳಿದರೆ ಫೋನ್ ಕಿತ್ತುಕೊಳ್ಳುತ್ತಾರೆಂದು ಗೊತ್ತಿರುವ ಮಗು ಆಗ ಬಾಯಿ ಬಿಡುವುದಿಲ್ಲ.

ಕಿತ್ತುಕೊಳ್ಳುವುದಿಲ್ಲ ಎಂದು ಮೊದಲೇ ಮಾತು ಕೊಟ್ಟಿರಿ. ಇಂಥದ್ದು ನಡೆದರೆ ಒಂದು ರೂಪಾಯಿಯನ್ನೂ ಕಳಿಸಬೇಡಿ. ಒಮ್ಮೆ ಕೊಟ್ಟವರ ಹತ್ತಿರ ಮತ್ತೆ ಕೇಳುತ್ತಾರೆ. ಗಾಬರಿಯಲ್ಲಿ ಚಾಟ್ ಅಳಿಸಿದರೆ ಸಾಕ್ಷಿಯೇ ಹೋಯಿತು. ಬ್ಲಾಕ್ ಮಾಡುವ ಮೊದಲು ಬೆದರಿಕೆ, ಯೂಸರ್‌ನೇಮ್, ಯುಪಿಐ ಐಡಿ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಿ. ಮಗುವಿನ ಆ ಫೋಟೊವನ್ನು ಸಹಾಯ ಕೇಳುವ ನೆಪದಲ್ಲೂ ಯಾರಿಗೂ ಫಾರ್ವರ್ಡ್ ಮಾಡಬೇಡಿ. ದುಡ್ಡು ಹೋಗಿದ್ದರೆ ಕೂಡಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಮಕ್ಕಳ ಸಹಾಯವಾಣಿ 1098. 'ಟೇಕ್ ಇಟ್ ಡೌನ್' ಎಂಬ ಸೇವೆಯೂ ಇದೆ: ಫೋಟೊ ನಿಮ್ಮ ಫೋನಿನಲ್ಲೇ ಉಳಿಯುತ್ತದೆ, ಅದರ ಡಿಜಿಟಲ್ ಗುರುತು ಮಾತ್ರ ಹೋಗುತ್ತದೆ, ಅದರಲ್ಲಿ ಪಾಲ್ಗೊಂಡಿರುವ ಜಾಲತಾಣಗಳು ಆ ಗುರುತು ಹಿಡಿದು ಫೋಟೊ ತೆಗೆದುಹಾಕುತ್ತವೆ.

ಆ್ಯಪ್ ಹಾಕಿಯೇ ತೀರುತ್ತೇನೆ ಎನ್ನುವವರು ಹಾಕಲಿ, ಮಗುವಿಗೆ ಹೇಳಿ ಹಾಕಲಿ. ಜೊತೆಗೆ ಅಮ್ಮನ ವಾಟ್ಸ್ಆ್ಯಪ್‌ನ ಪ್ರೈವೆಸಿಯಲ್ಲಿ 'ಗ್ರೂಪ್ಸ್' ಒತ್ತಿ 'ಮೈ ಕಾಂಟ್ಯಾಕ್ಟ್ಸ್' ಆರಿಸಿ. ಗುರುತಿಲ್ಲದವರು ಗ್ರೂಪಿಗೆ ಎಳೆದು ಹಾಕುವುದು ಅಲ್ಲಿಗೆ ನಿಲ್ಲುತ್ತದೆ.