ಫ್ರಿಕ್ಸಿಯಸ್ ವೃತ್ತಿಯಲ್ಲಿ ಸೈನಿಕರಲ್ಲ: ಸ್ಪಷ್ಟನೆ

1813ರ ಯುದ್ಧದಲ್ಲಿ ಜರ್ಮನಿಯ ಲೈಪ್‌ಜಿಗ್ ನಗರಕ್ಕೆ ಗ್ರಿಮ್ಮಾ ಬಾಗಿಲಿನಿಂದ ನುಗ್ಗಿದ ಕಾರ್ಲ್ ಫ್ರೀಡ್ರಿಕ್ ಫ್ರಿಕ್ಸಿಯಸ್ ಜೀವನವಿಡೀ ಸೇನಾಧಿಕಾರಿಯಾಗಿದ್ದರು ಎಂಬ ಮಾತು ಓಡಾಡುತ್ತಿದೆ. ಇದು ತಪ್ಪು. ಅವರು ಕಾನೂನು ಓದಿದವರು. 1813ರಲ್ಲಿ ನೆಪೋಲಿಯನ್ ವಿರುದ್ಧ ಪ್ರಷ್ಯಾ ಎಂಬ ಜರ್ಮನ್ ರಾಜ್ಯ ನಾಗರಿಕರ ಪಡೆ ಕಟ್ಟಿತು. ಅದರಲ್ಲಿ ಕೋನಿಗ್ಸ್‌ಬರ್ಗ್ ತುಕಡಿಯ ಮೇಜರ್ ಆಗಿ ಅಕ್ಟೋಬರ್ 19ರಂದು ಆ ಬಾಗಿಲಲ್ಲಿ ಒಳನುಗ್ಗಿದರು. ಲೈಪ್‌ಜಿಗ್‌ನಲ್ಲಿ ಅವರ ಸ್ಮಾರಕವೂ ಇದೆ. ಗೊಂದಲ ಹುಟ್ಟಿದ್ದು ಅಲ್ಲಿಂದಲೇ ಇರಬೇಕು, ಅಲ್ವಾ?

ಮುಂದೆ ಅವರು ಪ್ರಷ್ಯಾದ ‘ಜನರಲ್ ಆಡಿಟರ್’ ಆದರು. ಇದು ಲೆಕ್ಕ ತಪಾಸಣೆಯ ಹುದ್ದೆ ಅಂದುಕೊಳ್ಳಬೇಡಿ! ಆಗಿನ ಪ್ರಷ್ಯಾ ಸೇನೆಯಲ್ಲಿ ಆಡಿಟರ್ ಎಂದರೆ ಕಾನೂನು ಅಧಿಕಾರಿ. ವಿಚಾರಣೆ ನಡೆಸುವುದು, ಕಾನೂನು ತಿಳಿಸುವುದು ಆಡಿಟರ್‌ಗಳ ಕೆಲಸವಾಗಿತ್ತು. ತೀರ್ಪು ಕೊಡುತ್ತಿದ್ದವರು ಮಾತ್ರ ಸೈನಿಕರೇ. ಇಂಥ ಆಡಿಟರ್‌ಗಳೆಲ್ಲರ ಮೇಲಿನ ಹುದ್ದೆ ಫ್ರಿಕ್ಸಿಯಸ್ ಅವರದು. ಪ್ರಷ್ಯಾದ ಸೇನಾ ಕಾನೂನಿನ ಇತಿಹಾಸವನ್ನೂ ಅವರು ಬರೆದರು.