ಬೆಟ್ಟ ಹತ್ತಿದೆ, ಮುಳ್ಳೂ ಹತ್ತಿತು

ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದರೆ ತೂಕ ಇಳಿಯುತ್ತೆ ಅಂತ ಮೈಸೂರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಹೇಳುವವರಲ್ಲಿ ಹೆಚ್ಚಿನವರು ಬೆಟ್ಟಕ್ಕೆ ಕಾರಿನಲ್ಲಿ ಹೋಗುವವರು ಅನ್ನೋದು ಬೇರೆ ಮಾತು. ನಾನು ನಂಬಿ ಹತ್ತಲು ಶುರುಮಾಡಿದೆ. ಒಂದು ವಾರ ಕಳೆದ ಮೇಲೆ ತೂಕದ ಯಂತ್ರದ ಮೇಲೆ ನಿಂತರೆ ಮುಳ್ಳು ಒಂದೂವರೆ ಕೆಜಿ ಮುಂದಕ್ಕೆ ಹೋಗಿ ನಿಂತಿತು. ಇಳಿದು, ವಾಚು ಬಿಚ್ಚಿ, ಕನ್ನಡಕ ತೆಗೆದಿಟ್ಟು ಮತ್ತೆ ಹತ್ತಿದೆ. ಕನ್ನಡಕವಿಲ್ಲದೆ ಮುಳ್ಳೇ ಕಾಣದು. ಹೆಂಡತಿಯನ್ನು ಕರೆದೆ. ಅವಳು ಬಗ್ಗಿ ನೋಡಿ, "ಬರ್ತಾ ಜೇಬಲ್ಲಿ ಬೆಟ್ಟದ ಕಲ್ಲೇನಾದ್ರೂ ತಂದ್ರಾ?" ಅಂದಳು.

ಪಕ್ಕದ ಮನೆಯವರು ಮಾತ್ರ ಸಮಾಧಾನ ಹೇಳಿದರು. "ಅದು ಕೊಬ್ಬಲ್ಲ ಸಾರ್, ಮಸಲ್ಲು." ಕೇಳಲು ಹಿತವಾಗಿತ್ತು. ಒಳಗೆ ಹೋಗಿ ತೋಳು ಮಡಚಿ ಮುಟ್ಟಿ ನೋಡಿಕೊಂಡೆ; ಬೆಟ್ಟ ಹತ್ತಿದ್ದು ಕಾಲಲ್ಲಿ ಅನ್ನೋದು ಆಮೇಲೆ ಹೊಳೆಯಿತು.

ಈ ಸುಖಕ್ಕೆ ಕಲ್ಲು ಹಾಕಿದವಳು ಫಿಸಿಯೋಥೆರಪಿ ಓದುತ್ತಿರುವ ತಂಗಿಯ ಮಗಳು. "ವಾರದಲ್ಲಿ ಒಂದೂವರೆ ಕೆಜಿ ಮಸಲ್ ಯಾರಿಗೂ ಬರಲ್ಲ ಮಾವ, ಅದು ನೀರು." ಅಭ್ಯಾಸವಿಲ್ಲದ ಸ್ನಾಯುಗಳಲ್ಲಿ ಕಣ್ಣಿಗೆ ಕಾಣದ ಗಾಯಗಳಾಗಿ ಊದಿಕೊಳ್ಳುತ್ತವಂತೆ, ಅಲ್ಲಿ ನೀರು ನಿಲ್ಲುತ್ತದಂತೆ. ಜೊತೆಗೆ ನಾಳೆಯೂ ಇವನು ಹತ್ತಿಸಿಯೇ ಹತ್ತಿಸುತ್ತಾನೆ ಅಂತ ಹೆದರಿದ ಸ್ನಾಯುಗಳು ಗ್ಲೈಕೊಜನ್ ಅನ್ನೋ ರೂಪದಲ್ಲಿ ಸಕ್ಕರೆ ಕೂಡಿಡುತ್ತವೆ. ಅದರ ಒಂದೊಂದು ಗ್ರಾಂ ಜೊತೆಗೂ ಸುಮಾರು 3 ಗ್ರಾಂ ನೀರು ಬಂದು ಕೂರುತ್ತದೆ. ಕಾವೇರಿ ನೀರು ನಲ್ಲಿಯಲ್ಲಿ ಬರದ ದಿನವೂ ನನ್ನ ತೊಡೆಯಲ್ಲಿ ಸ್ಟಾಕ್ ಇತ್ತು ಅಂತಾಯಿತು.

ಗಾಯ ಆಗೋದು ಹತ್ತುವಾಗಲ್ಲ, ಹೆಚ್ಚಾಗಿ ಇಳಿಯುವಾಗ. ಪ್ರತಿ ಮೆಟ್ಟಿಲಿಗೂ ತೊಡೆ ಬ್ರೇಕ್ ಹಾಕಬೇಕು, ಹಿಗ್ಗುತ್ತಲೇ ಭಾರ ಹೊರಬೇಕು. ನೋವು ಆ ಹೊತ್ತಿಗೆ ಬರಲ್ಲ, ಒಂದೆರಡು ದಿನ ಬಿಟ್ಟು ಬರುತ್ತದೆ. ದೂರದ ಬೆಟ್ಟ ನುಣ್ಣಗೆ ಅಂದವನು ಈ ಮೆಟ್ಟಿಲು ಇಳಿದ ಮಾರನೇ ದಿನ ಇಂಡಿಯನ್ ಟಾಯ್ಲೆಟ್ಟಿನಲ್ಲಿ ಕೂತೇ ಅಂದಿರಬೇಕು. ಕೂರುವುದು ಹೇಗೋ ಆಯಿತು. ಏಳಲು ಒಂದು ಕೈ ನಲ್ಲಿಗೆ, ಇನ್ನೊಂದು ಕೈ ಬಾಗಿಲ ಚಿಲಕಕ್ಕೆ. ನಲ್ಲಿ ತಿರುಗಿ ಬಕೆಟ್ ತುಂಬಿ ಹರಿಯಿತು, ನಾನು ಮಾತ್ರ ಏಳಲಿಲ್ಲ. ಮಹಡಿ ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿಯುವುದನ್ನು ಕಂಡ ಕೆಲಸದಾಕೆ ಹರಕೆಯಾ ಅಂತ ಕೇಳಿದಳು.

ನಿಜವಾದ ಹರಕೆಯವರು ಬೆಟ್ಟದಲ್ಲಿ ಸಿಗುತ್ತಾರೆ. ಒಂದೊಂದು ಮೆಟ್ಟಿಲಿಗೂ ಬಗ್ಗಿ ಅರಿಶಿನ ಕುಂಕುಮ ಹಚ್ಚುತ್ತಾ ಹತ್ತುವ ಹೆಂಗಸರು. ಹಾಗೆ ಹಚ್ಚುತ್ತಾ ಬಂದ ಅಜ್ಜಿಯೊಬ್ಬರು ನನ್ನನ್ನು ಹಿಂದೆ ಹಾಕಿ, "ಸ್ವಲ್ಪ ಕಾಲು ತೆಗೀರಿ" ಅಂದು ನನ್ನ ಮೆಟ್ಟಿಲಿಗೂ ಹಚ್ಚಿ ಹೋದರು. ನಾನು ಸುಮಾರು 700ನೇ ಮೆಟ್ಟಿಲಿನ ನಂದಿಯ ಹತ್ತಿರ ಕೂತುಬಿಡುತ್ತಿದ್ದೆ. 17ನೇ ಶತಮಾನದಲ್ಲಿ ದೊಡ್ಡದೇವರಾಜ ಒಡೆಯರ ಕಾಲದಲ್ಲಿ ಒಂದೇ ಬಂಡೆಯಲ್ಲಿ ಕಡೆದ ಮೂರ್ತಿ, ಹತ್ತಿರ ಹತ್ತಿರ 16 ಅಡಿ ಎತ್ತರ. ಮೂರೂವರೆ ಶತಮಾನದಿಂದ ಕೂತಲ್ಲೇ ಕೂತಿದ್ದಾನೆ. ಅವನಿಗೆ ವಾಕಿಂಗ್ ಹೋಗು ಅಂದವರಿಲ್ಲ. ಪ್ರದಕ್ಷಿಣೆ ಹಾಕಿ ನಡೆಯುವವರೆಲ್ಲ ನಾವೇ.

ಮನೆಯಲ್ಲಿ ಅನುಮಾನ ದೋಸೆಯ ಮೇಲಿತ್ತು. ಇಳಿದ ಮೇಲೆ ಒಂದು ಮಸಾಲೆ ದೋಸೆ, ಮೇಲೊಂದು ಬೆಣ್ಣೆ ಮುದ್ದೆ, ಕಾಫಿ. ಲೆಕ್ಕ ನನ್ನ ವಿರುದ್ಧವೇ ಇತ್ತು: ಬೆಟ್ಟ ಹತ್ತಿದರೆ ಕರಗೋದು ಇನ್ನೂರು ಚಿಲ್ಲರೆ ಕ್ಯಾಲರಿ, ದೋಸೆ ಅದನ್ನು ಕೂತಲ್ಲೇ ವಾಪಸ್ ಕೊಟ್ಟು ಬಡ್ಡಿಯನ್ನೂ ಸೇರಿಸುತ್ತದೆ. ಆದರೆ ಒಂದು ಕೆಜಿ ಕೊಬ್ಬು ಅಂದರೆ ಸುಮಾರು 7,700 ಕ್ಯಾಲರಿ. ಒಂದೂವರೆ ಕೆಜಿ ಕೊಬ್ಬೇ ಸೇರಬೇಕಿದ್ದರೆ ಆ ವಾರ ದಿನದ ಊಟ ತಿಂಡಿ ಬಿಟ್ಟು ಮೇಲೆ ಮೂವತ್ತರ ಹತ್ತಿರ ದೋಸೆ ತಿಂದಿರಬೇಕು. ತಿಂದಿಲ್ಲ. ತಾಯಿ ಚಾಮುಂಡೇಶ್ವರಿಯ ಆಣೆ. ಹೋಟೆಲಿನವನನ್ನು ಸಾಕ್ಷಿಗೆ ಕರೆಯೋಣ ಅಂದಳು ಹೆಂಡತಿ. ಅವನ ಜ್ಞಾಪಕಶಕ್ತಿ ಒಳ್ಳೆಯದಿದೆ, ಅದಕ್ಕೇ ನಾನು ಒಪ್ಪಲಿಲ್ಲ.

ಮೈ ಒಗ್ಗಿದ ಮೇಲೆ ನೀರು ಬಂದ ದಾರಿಯಲ್ಲೇ ಹೋಯಿತು. ಬೆಣ್ಣೆ ನಿಂತಿತು, ಮುಳ್ಳು ನಿಧಾನಕ್ಕೆ ಹಿಂದೆ ಸರಿಯಿತು, ಬೆಲ್ಟಿಗೆ ಹೊಸ ತೂತು ಬಿತ್ತು. ಮೊನ್ನೆ ಮದುವೆಮನೆಯಲ್ಲಿ ದೊಡ್ಡಮ್ಮ ಕೆನ್ನೆ ಸವರಿ, ಪಂಕ್ತಿಗೆಲ್ಲ ಕೇಳುವ ಹಾಗೆ, "ಯಾಕೋ ಇಷ್ಟು ಇಳಿದುಹೋಗಿದ್ದೀಯ? ಶುಗರ್ ನೋಡಿಸಿದ್ಯಾ?" ಅಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಬಡಿಸುವವನನ್ನು ಕೂಗಿ ಎಲೆಗೆ ಎರಡು ಹೋಳಿಗೆ ಹಾಕಿಸಿದರು, ತುಪ್ಪದ ಸಮೇತ.