ಸ್ಪಷ್ಟನೆ: ಹಿಸ್ಟರಿ ಅಳಿಸಿದ ಮಾತ್ರಕ್ಕೆ ಕಂಪ್ಯೂಟರ್ ವೇಗವಾಗಿ ಓಡುವುದಿಲ್ಲ

"ದಿನಾ ಬ್ರೌಸರ್ ಹಿಸ್ಟರಿ, ಕ್ಯಾಶೆ ಅಳಿಸಿ, ಕಂಪ್ಯೂಟರ್ ಹೊಸದರಂತೆ ಓಡುತ್ತೆ" ಎಂಬ ಸಂದೇಶ ನಮ್ಮ ತುಮಕೂರಿನ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಸುತ್ತುತ್ತಿದೆ. ಇದು ಸರಿಯಲ್ಲ.

ಕ್ಯಾಶೆ ಅಂದರೆ ನೋಡಿದ ಪುಟಗಳ ಚಿತ್ರ, ಲೋಗೊಗಳನ್ನು ಬ್ರೌಸರ್ ಉಳಿಸಿಟ್ಟುಕೊಳ್ಳುವ ಪ್ರತಿ. ಅದು ಹೆಚ್ಚಾಗಿ ಕೂತಿರುವುದು ಡಿಸ್ಕ್‌ನಲ್ಲಿ. ಕಂಪ್ಯೂಟರ್ ಏದುಸಿರು ಬಿಡುವುದು ಸಾಮಾನ್ಯವಾಗಿ ತೆರೆದ ಕೆಲಸಗಳನ್ನು ಹಿಡಿದಿಡುವ ತಾತ್ಕಾಲಿಕ ಮೆಮೊರಿ, ಅಂದರೆ ರ‍್ಯಾಮ್ ತುಂಬಿದಾಗ. ಕ್ಯಾಶೆ ಅಳಿಸಿದರೆ ಅದೇ ಚಿತ್ರ, ಅದೇ ಲೋಗೊ ಮತ್ತೆ ಇಳಿಯಬೇಕು. ಪುಟ ಮೊದಲ ಸಲ ಇನ್ನೂ ನಿಧಾನ. ಡಿಸ್ಕ್ ತುಂಬಿ ತುಳುಕುತ್ತಿದ್ದರೆ, ಇಲ್ಲವೇ ಯಾವುದೋ ಒಂದು ಸೈಟ್ ಮಾತ್ರ ಅಡ್ಡಾದಿಡ್ಡಿ ಕಾಣುತ್ತಿದ್ದರೆ ಅಳಿಸಿ, ಬೇಡ ಅನ್ನಲ್ಲ.

ಮೊನ್ನೆ ಬಿ.ಎಚ್. ರಸ್ತೆಯ ಜೆರಾಕ್ಸ್ ಅಂಗಡಿಯೊಂದರಲ್ಲಿ ಪಹಣಿ ಪ್ರಿಂಟ್‌ಗೆ ಕಾಯುತ್ತಿದ್ದೆ. 4 ಜಿಬಿ ರ‍್ಯಾಮ್, ಕ್ರೋಮ್‌ನಲ್ಲಿ 30 ಟ್ಯಾಬ್. ಮೌಸ್ ಅಲ್ಲಾಡಿಸಿದರೆ ಬಾಣ ಎರಡು ಸೆಕೆಂಡ್ ತಡವಾಗಿ ಹೊರಡುತ್ತಿತ್ತು. ಶಿಫ್ಟ್ ಮತ್ತು ಎಸ್ಕೇಪ್ ಒಟ್ಟಿಗೆ ಒತ್ತಿದೆ. ಕ್ರೋಮ್‌ನದೇ ಟಾಸ್ಕ್ ಮ್ಯಾನೇಜರ್ ತೆರೆಯಿತು. ಮೆಮೊರಿ ಕಾಲಂ ಮೇಲೆ ಕ್ಲಿಕ್ಕಿಸಿ ನೋಡಿದರೆ ಎಲ್ಲಕ್ಕಿಂತ ಮೇಲೆ ಕೂತಿದ್ದದ್ದು ಕೂಪನ್ ತೋರಿಸುವ, ಬ್ರೌಸರ್‌ಗೆ ಸೇರಿಸಿದ ಒಂದು ಪುಟ್ಟ ಪ್ರೋಗ್ರಾಂ, ಅಂದರೆ ಎಕ್ಸ್‌ಟೆನ್ಷನ್! ಅದನ್ನು ಹಾಕಿದ್ದು ಯಾರೋ, ಅಂಗಡಿಯವರಿಗೂ ನೆನಪಿಲ್ಲ. ತೆಗೆದೆವು, ಬೇಡದ ಟ್ಯಾಬ್ ಮುಚ್ಚಿದೆವು, ಪಹಣಿ ಬಂತು.

ಕ್ರೋಮ್ 2008ರಲ್ಲಿ ಬಂದಾಗಿನಿಂದಲೂ ಟ್ಯಾಬ್‌ಗಳನ್ನು ಬೇರೆ ಬೇರೆ ಪ್ರೋಸೆಸ್‌ಗಳಾಗಿ (ಒಂದಕ್ಕೊಂದು ಅಂಟದೆ ಓಡುವ ಪ್ರೋಗ್ರಾಂಗಳಾಗಿ) ನಡೆಸುತ್ತದೆ. ಒಂದು ಕುಸಿದರೆ ಉಳಿದವು ಬದುಕುತ್ತವೆ, ಅದಕ್ಕೆ ತೆರುವ ಬೆಲೆ ರ‍್ಯಾಮ್. ಇನ್‌ಕಾಗ್ನಿಟೊದಲ್ಲಿ (ಹಿಸ್ಟರಿ ಉಳಿಸದ ಕಿಟಕಿಯಲ್ಲಿ) ತೆರೆದರೂ ಟ್ಯಾಬ್ ಟ್ಯಾಬೇ, ತೂಕ ಕಮ್ಮಿಯಾಗದು.

ಕ್ರೋಮ್ ಸೆಟ್ಟಿಂಗ್ಸ್‌ನ ಪರ್ಫಾರ್ಮೆನ್ಸ್ ವಿಭಾಗದಲ್ಲಿ ಮೆಮೊರಿ ಸೇವರ್ ಇದೆ. ಅದನ್ನು ಆನ್ ಮಾಡಿದರೆ ಬಳಸದೆ ಬಿಟ್ಟ ಟ್ಯಾಬ್‌ಗಳು ಮಲಗುತ್ತವೆ, ಕ್ಲಿಕ್ಕಿಸಿದಾಗ ಪುಟ ಮತ್ತೆ ಲೋಡ್ ಆಗುತ್ತದೆ. ಅರ್ಧ ತುಂಬಿದ ಅರ್ಜಿ ಇರುವ ಸೈಟನ್ನು ಮಾತ್ರ ಅಲ್ಲೇ ವಿನಾಯಿತಿ ಪಟ್ಟಿಗೆ ಸೇರಿಸಿಡಿ.